ನಿನ್ನೆ ಏನು ಉಂಡ್ರಿ?

ರಾಯಚೂರಿನಿಂದ ದೇವದುರ್ಗಕ್ಕೆ ಹೋಗುವ ಬಸ್ಸು ಕಲ್ಮಲಾ ದಾಟಿ ಗಬ್ಬೂರಿನ ದಾರಿ ಹಿಡಿದಾಗ ಬಿಸಿಲು ಇನ್ನೂ ಎಳೆಯದು. ಸಂಕ್ರಾಂತಿ ಕಳೆದ ದಿನಗಳು. ರಸ್ತೆಯ ಎರಡೂ ಬದಿಗೆ ಎರೆ ಹೊಲ. ಕೆಲವು ಕಡೆ ತೆನೆ ಬಿಟ್ಟ ಬಿಳಿಜೋಳ, ಹೆಚ್ಚಿನ ಕಡೆ ಹತ್ತಿ. ಎದುರಿಗೆ ಬರುವ ಟಂಟಂಗಳ ತುಂಬ ಹತ್ತಿ ಬಿಡಿಸಲು ಹೊರಟ ಹೆಣ್ಣುಮಕ್ಕಳು, ಒಬ್ಬೊಬ್ಬರ ತೊಡೆಯ ಮೇಲೂ ಒಂದೊಂದು ಬುತ್ತಿಗಂಟು. ನಾವು ಹೊರಟದ್ದು ಆ ಗಂಟಿನಲ್ಲಿ ಏನಿದೆ, ಎಷ್ಟಿದೆ, ಅದನ್ನು ಕಟ್ಟಿದವಳ ಪಾಲಿಗೆ ಏನು ಬಂತು ಎಂದು ಕೇಳಿ ಬರೆದುಕೊಳ್ಳಲು.

ಬರೆದುಕೊಳ್ಳುವ ಕೆಲಸ ನನ್ನ ಜೊತೆಗಿದ್ದ ಹುಡುಗಿಯದು. ಲಿಂಗಸುಗೂರು ಕಡೆಯವಳು, ಗೃಹವಿಜ್ಞಾನ ಓದಿದವಳು. ಆಹಾರ ಸಮೀಕ್ಷೆಯ ಕೆಲಸ ಹೇಗೆ ನಡೆಯುತ್ತದೆ ಎಂದು ನೋಡಬೇಕೆಂದು ನಾನು ಅವಳ ಬೆನ್ನು ಹಿಡಿದಿದ್ದೆ. ಅವಳ ಚೀಲದಲ್ಲಿ ಒಂದು ಚಿಕ್ಕ ತಕ್ಕಡಿ, ಒಂದಕ್ಕಿಂತ ಒಂದು ದೊಡ್ಡದಾದ ಅಳತೆಯ ಸ್ಟೀಲ್ ಬಟ್ಟಲುಗಳು, ಚಮಚಗಳು, ಫಾರ್ಮುಗಳ ಕಟ್ಟು. ಕೇಳುವ ಮೊದಲ ಪ್ರಶ್ನೆ ಎಲ್ಲ ಮನೆಯಲ್ಲೂ ಒಂದೇ: ನಿನ್ನೆ ಏನು ಉಂಡ್ರಿ?

ಈ ಪ್ರಶ್ನೆಗೆ ನಮ್ಮ ದಕ್ಷಿಣದಲ್ಲಿ ದೊಡ್ಡ ಇತಿಹಾಸವಿದೆ. ನೀಲಗಿರಿಯ ಕೂನೂರಿನಲ್ಲಿ 1918ರಲ್ಲಿ ರಾಬರ್ಟ್ ಮೆಕ್ಯಾರಿಸನ್ ಎಂಬ ವೈದ್ಯರು ಬೆರಿಬೆರಿ ರೋಗದ ಕಾರಣ ಹುಡುಕಲು ಒಂದು ಚಿಕ್ಕ ಪ್ರಯೋಗಾಲಯ ಶುರುಮಾಡಿದರು. ಅವರ ನಂತರ ಬಂದ ವ್ಯಾಲೇಸ್ ಐಕ್ರಾಯ್ಡ್ ಅವರ ಕಾಲದಲ್ಲಿ ಸಂಶೋಧಕರು ಹಳ್ಳಿಗಳಿಗೆ ಇಳಿದು, ಒಲೆ ಹೊತ್ತಿಸುವ ಮುನ್ನ ಮನೆಯ ಅಕ್ಕಿ, ಬೇಳೆ, ಸೊಪ್ಪನ್ನು ತೂಗತೊಡಗಿದರು. ಯಾವ ಭಾರತೀಯ ಆಹಾರ ಪದಾರ್ಥದಲ್ಲಿ ಏನೆಷ್ಟಿದೆ ಎಂಬ ಪಟ್ಟಿ 1937ರಲ್ಲಿ ಪುಸ್ತಕವಾಯಿತು. ಅದನ್ನು ಮುಂದೆ ಸಿ. ಗೋಪಾಲನ್ ಮತ್ತು ಅವರ ಜೊತೆಗಾರರು ಬೆಳೆಸಿದರು. 1958ರಲ್ಲಿ ಸಂಸ್ಥೆ ಹೈದರಾಬಾದಿಗೆ ಹೋಗಿ ಈಗಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯಾಗಿ ಬೆಳೆಯಿತು. 1972ರಲ್ಲಿ ಅದರ ಆಶ್ರಯದಲ್ಲಿ ಹುಟ್ಟಿದ ರಾಷ್ಟ್ರೀಯ ಪೋಷಣಾ ನಿಗಾ ಬ್ಯೂರೋ ಕರ್ನಾಟಕವೂ ಸೇರಿದಂತೆ ಹಲವು ರಾಜ್ಯಗಳ ಹಳ್ಳಿಗಳಲ್ಲಿ ನಾಲ್ಕು ದಶಕ ಜನರ ತಟ್ಟೆಯನ್ನು ಅಳೆಯಿತು. 2015ರಲ್ಲಿ ಅದನ್ನು ಮುಚ್ಚಿದರು. ಬರಗಾಲ ಬಂದಾಗ, ಬೆಲೆ ಏರಿದಾಗ ಬಡವರ ಮನೆಯಲ್ಲಿ ಮೊದಲು ಯಾವ ಪದಾರ್ಥ ಮಾಯವಾಗುತ್ತದೆ ಎಂದು ವರ್ಷದಿಂದ ವರ್ಷಕ್ಕೆ ಹೋಲಿಸಿ ಹೇಳಬಲ್ಲ ಲೆಕ್ಕ ಅದು. ಅದು ನಿಂತದ್ದು ದೊಡ್ಡ ನಷ್ಟವೆಂದೇ ನಾನು ತಿಳಿದಿದ್ದೇನೆ.

ಮೊದಲ ಮನೆ ಊರಿನ ಅಂಚಿನದು. ತಗಡಿನ ಮಾಡು, ಮುಂದೆ ಹತ್ತಿಕಟ್ಟಿಗೆಯ ಬಣವೆ. ಮನೆಯೊಡತಿ ಅಂದು ಜ್ವರವೆಂದು ಕೂಲಿಗೆ ಹೋಗಿರಲಿಲ್ಲ. ನಮಗೆ ಚಾಪೆ ಹಾಸಿ, ಕೇಳುವ ಮೊದಲೇ ಚಹಾಕ್ಕೆ ನೀರಿಟ್ಟಳು. ಪ್ರಶ್ನೆ ಕೇಳಿದ ಕೂಡಲೇ ನಕ್ಕಳು.

"ಏನ್ ಉಣ್ಣಾದ್ರಿ ಮ್ಯಾಡಮ್ಮಾರ, ರೊಟ್ಟಿ, ಪುಂಡಿಪಲ್ಯ. ರಾತ್ರಿ ಅನ್ನ, ಬ್ಯಾಳಿಸಾರು."

"ನೀವು ಎಷ್ಟು ಉಂಡ್ರಿ?"

"ಎಲ್ಲಾರ ಹಂಗ ನಾನೂ ಉಂಡೆ."

ನನ್ನಂಥವಳು ಈ ಉತ್ತರವನ್ನು ಬರೆದುಕೊಂಡು ಮುಂದೆ ಹೋಗುತ್ತಿದ್ದೆನೇನೋ. ಹುಡುಗಿ ಬರೆದುಕೊಳ್ಳಲಿಲ್ಲ. ಅವಳ ದಾರಿ ಬೇರೆಯಿತ್ತು. "ನಿನ್ನಿ ಮುಂಜಾನಿ ಎಷ್ಟು ರೊಟ್ಟಿ ಬಡದಿದ್ರಿ ಯಕ್ಕಾ?" ಎಂದಳು. ಹದಿನಾಲ್ಕು. ಇದನ್ನು ಯಾವ ಹೆಂಗಸೂ ಮರೆಯುವುದಿಲ್ಲ. ಮಾವನಿಗೆ ಎರಡು, ಹಲ್ಲಿಲ್ಲ, ಸಾರಿನಲ್ಲಿ ಮುರಿದು ಕೊಟ್ಟದ್ದು. ಗಂಡನಿಗೆ ಮುಂಜಾನೆ ಎರಡು, ಬುತ್ತಿಗೆ ನಾಲ್ಕು. ಮೂರು ಹುಡುಗರಿಗೆ ಒಂದೊಂದು. ಅಲ್ಲಿಗೆ ಹನ್ನೊಂದು. ಉಳಿದ ಮೂರರಲ್ಲಿ ಅವಳ ಬುತ್ತಿಗೆ ಎರಡು. ಇನ್ನೊಂದು?

"ಬುಟ್ಟಿಯಾಗ ಇಟ್ಟಿದ್ದೆ. ಸಂಜಿಗೆ ಸಣ್ಣಾವ ಸಾಲಿಂದ ಬಂದು ತಿಂದ."

ಬೆಳಗಿನ ಐದಕ್ಕೆ ಎದ್ದು ದಿನವಿಡೀ ಹತ್ತಿ ಬಿಡಿಸಿದ ಹೆಂಗಸು ರಾತ್ರಿಯ ಅನ್ನದ ತನಕ ಉಂಡದ್ದು ಎರಡು ರೊಟ್ಟಿ. ಹುಡುಗಿ ಅವಳ ಕೈಯಿಂದಲೇ ಒಂದು ರೊಟ್ಟಿಯ ಹಿಟ್ಟು ತೆಗೆಸಿ ತೂಗಿದಳು. ಒಬ್ಬೊಬ್ಬರ ಕೈಯಳತೆ ಒಂದೊಂದು. ಪಕ್ಕದ ಮನೆಯ ರೊಟ್ಟಿ ಅಗಲವಾಗಿ ತೆಳ್ಳಗೆ, ಈ ಮನೆಯದು ಚಿಕ್ಕದಾಗಿ ದಪ್ಪಗೆ. 'ಎರಡು ರೊಟ್ಟಿ' ಎಂದಷ್ಟೇ ಬರೆದರೆ ಎರಡೂ ಮನೆ ಸಮಾನವಾಗಿಬಿಡುತ್ತವೆ.

ಪೌಷ್ಟಿಕ ವಿಜ್ಞಾನದಲ್ಲಿ ಉಣ್ಣುವವರನ್ನು ಎಣಿಸಲು ಒಂದು ಮಾನವಿದೆ. ಕೂತು ಕೆಲಸ ಮಾಡುವ ಗಂಡಸನ್ನು ಒಂದು ಎಂದು ಹಿಡಿದರೆ, ಮೈಮುರಿದು ದುಡಿಯುವ ಗಂಡಸು 1.6, ಕೂತು ಕೆಲಸ ಮಾಡುವ ಹೆಂಗಸು 0.8, ಮೈಮುರಿದು ದುಡಿಯುವವಳು 1.2. ಮನೆಗೆ ತಂದ ಧಾನ್ಯವನ್ನು ಈ ಲೆಕ್ಕದಲ್ಲಿ ಹಂಚಿದರೆ ಕಾಗದದ ಮೇಲೆ ಎಲ್ಲರಿಗೂ ಅವರವರ ಪಾಲು ಸಿಗುತ್ತದೆ. ಬಡ ಮನೆಗಳ ಊಟದ ಬಗ್ಗೆ ನಾವು ಓದುವ ಬಹುಪಾಲು ಅಂಕಿಗಳು ಹೀಗೆ ಮನೆಯ ಹೊಸ್ತಿಲಲ್ಲಿ ಅಳೆದು ತಲೆಗಿಷ್ಟು ಎಂದು ಭಾಗಿಸಿದವು. ಹೊಸ್ತಿಲ ಒಳಗೆ ಬುಟ್ಟಿಯ ಕೊನೆಯ ರೊಟ್ಟಿ ಯಾರ ಕೈಗೆ ಹೋಯಿತೆಂದು ಅವು ಹೇಳವು. 2019-20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಶೇ 48ರಷ್ಟು ಮಂದಿಗೆ ರಕ್ತಹೀನತೆ ಇತ್ತು. ಅದರ ಕಾರಣಗಳು ಹಲವು. ಅವುಗಳಲ್ಲಿ ಒಂದನ್ನು ನಾನು ಆ ಚಾಪೆಯ ಮೇಲೆ ಕೂತು ಕಳೆಯುವ ಲೆಕ್ಕದಲ್ಲಿ ಕಂಡೆ.

ಚಹಾ ಕುಡಿದು ಏಳುವಷ್ಟರಲ್ಲಿ ಅವಳು ನಮಗೂ ಒಂದೊಂದು ರೊಟ್ಟಿ, ಮೇಲೆ ಶೇಂಗಾಹಿಂಡಿ ಹಾಕಿ ಕೊಟ್ಟಳು. ಬೇಡವೆಂದರೆ ಆಕೆಗೆ ಅವಮಾನ, ತಿಂದರೆ ಯಾರದೋ ಪಾಲು. ತಿಂದೆವು. ಅತಿಥಿಗಳಿಗೆ ಬಡಿಸಿದ್ದನ್ನು ಬರೆಯಲು ಫಾರ್ಮಿನಲ್ಲಿ ಒಂದು ಸಾಲಿದೆ. ಹುಡುಗಿ ಅದರಲ್ಲಿ ನಮ್ಮಿಬ್ಬರ ರೊಟ್ಟಿಯನ್ನೂ ಬರೆದುಕೊಂಡಳು.

ಊರಿನ ಅಂಗಡಿಯ ಕಟ್ಟೆಯ ಮೇಲೆ ಸಂಜೆ ಕೂತದ್ದು ನನಗೆ ಈ ಪ್ರವಾಸದಲ್ಲಿ ತುಂಬ ಕಲಿಸಿತು. ಟಂಟಂಗಳು ಮರಳಿ ಬಂದವು. ಹೆಂಗಸರು, ಮಕ್ಕಳು ಅಂಗಡಿಗೆ ಮುತ್ತಿದರು. ಹತ್ತು ರೂಪಾಯಿಯ ಎಣ್ಣೆ. ಐದು ರೂಪಾಯಿಯ ಚಹಾಪುಡಿ ಪಾಕೀಟು. ಇಪ್ಪತ್ತರ ಬೇಳೆ, ಹತ್ತರ ಸಕ್ಕರೆ, ಎರಡು ಉಳ್ಳಾಗಡ್ಡಿ, ಒಂದು ತತ್ತಿ. ಅಂಗಡಿಯವನು ತೂಕವನ್ನು ನೋಡಿ ಬೆಲೆ ಹೇಳುವುದಿಲ್ಲ. ಕೈಯಲ್ಲಿರುವ ದುಡ್ಡು ಕೇಳಿ ತೂಕ ಕಟ್ಟುತ್ತಾನೆ. ಹೀಗೆ ಕೊಂಡ ಎಣ್ಣೆ ಲೀಟರಿನ ಲೆಕ್ಕದಲ್ಲಿ ಪಟ್ಟಣದವರು ಕೊಡುವುದಕ್ಕಿಂತ ತುಟ್ಟಿ. ಇದು ಅವರಿಗೆ ಗೊತ್ತಿಲ್ಲವೆಂದಲ್ಲ. ಲೀಟರು ಕೊಳ್ಳುವಷ್ಟು ದುಡ್ಡು ಒಂದೇ ಸಂಜೆ ಕೈಯಲ್ಲಿ ನಿಲ್ಲುವುದಿಲ್ಲ. ನಿಂತರೂ, ಮನೆಯಲ್ಲಿ ಲೀಟರು ಎಣ್ಣೆ ಇದ್ದರೆ ಕೈ ಧಾರಾಳವಾಗುತ್ತದೆ, ನೆರೆಯವರು ಕೇಳಿದರೆ ಇಲ್ಲವೆನ್ನಲಾಗುವುದಿಲ್ಲ.

ಈ ಕಟ್ಟೆಯ ಮೇಲೆ ಕೂತು 'ಕಳೆದ ತಿಂಗಳು ನಿಮ್ಮ ಮನೆಗೆ ಎಷ್ಟು ಎಣ್ಣೆ ಬಂತು' ಎಂದು ಕೇಳುವುದನ್ನು ಊಹಿಸಿಕೊಳ್ಳಿ. ತಿಂಗಳು ಸಂಬಳದವರ ಮಾನ. ಒಂದನೇ ತಾರೀಖಿಗೆ ದಿನಸಿ ಚೀಟಿ ಬರೆಯುವ ನನ್ನಂಥ ಮನೆಗಳಿಗೆ ಈ ಪ್ರಶ್ನೆಗೆ ಉತ್ತರವಿದೆ. ಸಂಜೆ ಸಂಜೆಗೆ ಕೊಳ್ಳುವ ಮನೆಯಲ್ಲಿ ತಿಂಗಳಿಗೆ ಬರುವ ವಸ್ತು ಒಂದೇ, ಸೊಸೈಟಿ ಅಕ್ಕಿ. ಅದರ ಲೆಕ್ಕ ಮಾತ್ರ ಅವರಿಗೆ ಕಿಲೋಗಳಲ್ಲಿ ಬಾಯಿಪಾಠ.

ಇದು ಸಣ್ಣ ತಕರಾರಲ್ಲ. ದೇಶದ ಬಡತನದ ಲೆಕ್ಕವೇ ಇದರ ಮೇಲೆ ಹಿಂದೆ ಮುಂದೆ ಆಗಿದೆ. 1950ರಲ್ಲಿ ರಾಷ್ಟ್ರೀಯ ಮಾದರಿ ಸಮೀಕ್ಷೆ ಶುರುವಾದ ಹೊಸದರಲ್ಲಿ ಸಂಖ್ಯಾಶಾಸ್ತ್ರಜ್ಞ ಮಹಾಲನೋಬಿಸ್ ಅವರ ತಂಡ ಪಶ್ಚಿಮ ಬಂಗಾಳದಲ್ಲಿ ಪರೀಕ್ಷೆ ಮಾಡಿ ನೋಡಿತ್ತು. ತೂಗಿ ತಿಳಿದ ಪ್ರಮಾಣಕ್ಕೆ ವಾರದ ನೆನಪಿಗಿಂತ ತಿಂಗಳ ನೆನಪೇ ಹತ್ತಿರ ಬಂತು. ವಾರದ ನೆನಪಿನಲ್ಲಿ ಜನ ಹೆಚ್ಚಿಗೆ ಹೇಳಿದ್ದರು. ಅಲ್ಲಿಂದ ಮೂವತ್ತು ದಿನದ ಪ್ರಶ್ನೆ ನೆಲೆಯಾಯಿತು. ತೊಂಬತ್ತರ ದಶಕದಲ್ಲಿ ಪ್ರಯೋಗಕ್ಕೆಂದು ಕೆಲವು ಮನೆಗಳಿಗೆ ತಿಂಗಳದ್ದು, ಕೆಲವಕ್ಕೆ ವಾರದ್ದು ಕೇಳಿದಾಗ ವಾರದ ಲೆಕ್ಕದಲ್ಲಿ ಬಡವರ ಸಂಖ್ಯೆ ಸುಮಾರು ಅರ್ಧಕ್ಕೆ ಇಳಿದುಬಿಟ್ಟಿತು. 1999-2000ದ ದೊಡ್ಡ ಸುತ್ತಿನಲ್ಲಿ ಒಂದೇ ಮನೆಗೆ ಎರಡೂ ಪ್ರಶ್ನೆ ಕೇಳಿದರು. ಒಂದರ ಉತ್ತರ ಇನ್ನೊಂದನ್ನು ಎಳೆಯಿತು. 1993-94ರಲ್ಲಿ ಶೇ 36ರಷ್ಟಿದ್ದ ಬಡತನ ಶೇ 26ಕ್ಕೆ ಇಳಿಯಿತೆಂದು ಸರ್ಕಾರ ಹೇಳಿತು, ಅದರಲ್ಲಿ ನಿಜವಾದ ಇಳಿಕೆ ಎಷ್ಟು ಎಂದು ಅರ್ಥಶಾಸ್ತ್ರಜ್ಞರು ವರ್ಷಗಟ್ಟಲೆ ವಾದಿಸಿದರು. ಇಷ್ಟೆಲ್ಲ ವಾದದಲ್ಲಿ ಕೇಳಿದ್ದು ವಾರವೋ ತಿಂಗಳೋ ಎಂಬುದನ್ನು. ಕೂಲಿ ಯಾವತ್ತು ಕೈಗೆ ಬಂತು ಎಂಬುದನ್ನು ಮುಖ್ಯವಾಗಿ ಕೇಳಬೇಕಿತ್ತೆಂದು ಆ ಕಟ್ಟೆಯ ಮೇಲೆ ನನಗೆ ಗಟ್ಟಿಯಾಗಿ ಅನ್ನಿಸಿತು.

ಲಿಂಗಸುಗೂರಿನಿಂದ ಮಸ್ಕಿ ಕಡೆಗೆ ಹೊರಟಾಗ ಹುಡುಗಿ ತನ್ನ ಅಜ್ಜಿಯ ಮಾತು ತೆಗೆದಳು. ಅಜ್ಜಿಯ ಕಾಲದಲ್ಲಿ ಅನ್ನ ಹಬ್ಬದ ಊಟ. ಮೂರು ಹೊತ್ತೂ ಜೋಳ: ರೊಟ್ಟಿ, ನುಚ್ಚು, ಸಂಗಟಿ. ಈಗ ಅದೇ ಊರಿನಲ್ಲಿ ರಾತ್ರಿಯ ಊಟ ಅನ್ನವೇ. 2013ರ ಜುಲೈನಲ್ಲಿ ಅನ್ನಭಾಗ್ಯ ಶುರುವಾದಾಗ ಕಿಲೋ ಅಕ್ಕಿಗೆ ಒಂದು ರೂಪಾಯಿ, 2015ರಿಂದ ಅದೂ ಇಲ್ಲ. ಸಿರಿಧಾನ್ಯ ಮೇಳಗಳಲ್ಲಿ ಭಾಷಣ ಮಾಡುವವರು ಈ ಬದಲಾವಣೆಯನ್ನು ಕಂಡು ಮರುಗುತ್ತಾರೆ. ಜನ ತಮ್ಮ ಆಹಾರ ಮರೆತರು, ಅಕ್ಕಿಯ ರುಚಿಗೆ ಬಿದ್ದರು ಎನ್ನುತ್ತಾರೆ. ಹೊತ್ತು ಹುಟ್ಟುವ ಮುನ್ನ ಆ ಮನೆಗಳಲ್ಲಿ ಇದ್ದು ನೋಡಿದರೆ ಹಾಗೆ ಹೇಳಲು ಬಾಯಿ ಬರುವುದಿಲ್ಲ.

ಜೋಳ ಕೊಳ್ಳಬೇಕು, ಹಸನು ಮಾಡಬೇಕು, ಗಿರಣಿಗೆ ಹೊತ್ತೊಯ್ಯಬೇಕು, ಕರೆಂಟು ಬರುವ ತನಕ ಕಾಯಬೇಕು, ಬೀಸಿದ್ದಕ್ಕೆ ದುಡ್ಡು ಕೊಡಬೇಕು. ಹಿಟ್ಟು ಹಳತಾದರೆ ಜಿಗಿ ಹೋಗುತ್ತದೆ, ರೊಟ್ಟಿ ಒಡೆಯುತ್ತದೆ. ಕುದಿನೀರು ಹಾಕಿ ಮಿದ್ದು, ಒಂದೊಂದಾಗಿ ಬಡಿದು, ಒಲೆಯ ಮುಂದೆ ಒಂದು ತಾಸು ಕೂರಬೇಕು. ಟಂಟಂ ಏಳಕ್ಕೆ ಬರುತ್ತದೆ. ಹಾಗಿದ್ದೂ ಬೆಳಗಿನ ರೊಟ್ಟಿಯನ್ನು ಯಾರೂ ಬಿಟ್ಟಿಲ್ಲ. ಹೊಲದಲ್ಲಿ ಮಧ್ಯಾಹ್ನದ ತನಕ ಹೊಟ್ಟೆ ಹಿಡಿದು ನಿಲ್ಲುವುದು ಅದೊಂದೇ, ಕೆಡದೆ ಉಳಿಯುವುದೂ ಅದೇ. ಕತ್ತಲಾದ ಮೇಲೆ ಮನೆಗೆ ಬಂದು ಮತ್ತೆ ಬಡಿಯಲು ಮಾತ್ರ ರಟ್ಟೆಯಲ್ಲಿ ಕಸುವಿರುವುದಿಲ್ಲ. ಅನ್ನಕ್ಕಿಟ್ಟು ಮಕ್ಕಳ ಮೈತೊಳೆಯಬಹುದು, ನೀರು ತರಬಹುದು. ಹೆಂಗಸಿನ ದುಡಿಮೆಯ ಹೊತ್ತನ್ನೂ ಉರುವಲನ್ನೂ ಬೆಲೆಯೊಳಗೆ ಸೇರಿಸಿದರೆ ರಾತ್ರಿಯ ಅನ್ನ ಅತ್ಯಂತ ತೂಗಿ ನೋಡಿ ಮಾಡಿದ ಆಯ್ಕೆ. ಊಟದ ಫಾರ್ಮಿನಲ್ಲಿ ಹೊತ್ತಿಗೆಂದು ಕಾಲಂ ಇಲ್ಲ.

ಜೋಳವನ್ನು ಸುಮ್ಮನೆ ಹೊಗಳಲು ಅಳುಕು ತರುವ ಇನ್ನೊಂದು ಸಂಗತಿಯೂ ಇದೆ. ದಖ್ಖನ್ನಿನ ಜೋಳ ಉಣ್ಣುವ ಬಡ ಕೂಲಿಗಳಲ್ಲಿ ಪೆಲಾಗ್ರ ಎಂಬ ರೋಗ ಕಾಣಿಸುತ್ತಿತ್ತು. ಬಿಸಿಲು ಬೀಳುವ ಕುತ್ತಿಗೆ, ಕೈ, ಕಾಲಿನ ಚರ್ಮ ಕಪ್ಪುಗಟ್ಟಿ ಒಡೆಯುವುದು, ಹೊಟ್ಟೆ ಕೆಡುವುದು, ಬುದ್ಧಿ ಮಂಕಾಗುವುದು. ಮೆಕ್ಕೆಜೋಳದ ನಾಡಿನ ರೋಗವೆಂದು ಜಗತ್ತು ತಿಳಿದಿದ್ದ ಇದು ಇಲ್ಲೇಕೆ ಎಂದು ಪೋಷಣಾ ಸಂಸ್ಥೆಯ ಗೋಪಾಲನ್ ಮತ್ತು ಶ್ರೀಕಂಠಯ್ಯ ಹುಡುಕಿದರು. ಜೋಳದಲ್ಲಿ ಹೆಚ್ಚಾಗಿರುವ ಲ್ಯೂಸಿನ್ ಎಂಬ ಅಮೈನೋ ಆಮ್ಲ ಇದಕ್ಕೆ ಕಾರಣವಿರಬಹುದೆಂದು 1960ರಲ್ಲಿ ಪ್ರಕಟಿಸಿದರು. ಆ ವಿವರಣೆಯ ಬಗ್ಗೆ ಆಮೇಲೆ ಚರ್ಚೆ ನಡೆದಿದೆ. ಆದರೆ ರೋಗ ಬರುತ್ತಿದ್ದುದು ಬೇಳೆ, ಹಾಲು, ಮಾಂಸ ಏನೂ ಇಲ್ಲದೆ ಜೋಳವೊಂದನ್ನೇ ನೆಚ್ಚಿ ಬದುಕುವವರಿಗೆ. ಧಾನ್ಯ ಎಷ್ಟೇ ಒಳ್ಳೆಯದಿರಲಿ, ತಟ್ಟೆಯಲ್ಲಿ ಅದೊಂದೇ ಇದ್ದರೆ ಮೈ ಕೆಡುತ್ತದೆ. ಇಂದಿನ ತಟ್ಟೆಯಲ್ಲಿ ಬರೀ ಅನ್ನ ಗುಡ್ಡೆಯಾಗಿ, ಸಾರು ನೀರಾಗಿ, ಪಲ್ಯ ಚಿಟಿಕೆಯಾಗಿದ್ದರೆ ಅದೇ ಮಾತನ್ನು ಅಕ್ಕಿಗೂ ಹೇಳಬೇಕು.

ಆ ತಟ್ಟೆಯನ್ನು ಕಾಯುತ್ತ ಬಂದವು ತಪ್ಪಲು ಪಲ್ಯಗಳು. ಹೊಲದ ಬದುವಿನಲ್ಲಿ ತಾನಾಗಿ ಬೆಳೆಯುವ ಕಿರಕಸಾಲಿ, ಗೋಳಿ, ಹಕ್ಕರಕಿ. ಕೆಲಸ ಮುಗಿಸಿ ಬರುವಾಗ ಸೆರಗಿನ ಉಡಿಯಲ್ಲಿ ತರುವ ಇವು ಎಷ್ಟೋ ಮನೆಗಳಲ್ಲಿ ಪಟ್ಟಿಗೆ ಬರುವುದೇ ಇಲ್ಲ. "ಏನರ ಕಾಯಿಪಲ್ಯ ತಂದಿದ್ರೇನ್ರಿ?" ಎಂದರೆ ಇಲ್ಲ ಎನ್ನುತ್ತಾರೆ. ದುಡ್ಡು ಕೊಟ್ಟು ತಂದಿಲ್ಲವಲ್ಲ. ಉಡಿಯಲ್ಲಿ ಏನಿತ್ತು ಎಂದು ಕೇಳಬೇಕು. ಮಸ್ಕಿಯ ಹತ್ತಿರ ಒಬ್ಬ ಮುದುಕಿ ಒಂದೊಂದೇ ಎಲೆ ತೋರಿಸಿ ಹೆಸರು ಹೇಳಿದಳು, ಜೊತೆಗೆ ಹತ್ತಿಯ ಹೊಲಕ್ಕೆ ಕಳೆನಾಶಕ ಹೊಡೆಯತೊಡಗಿದ ಮೇಲೆ ಯಾವ ಬದುವಿನಲ್ಲಿ ಏನು ಸಿಗದಾಯಿತೆಂದೂ ಹೇಳಿದಳು. ಕೊಂಡದ್ದನ್ನಷ್ಟೇ ಎಣಿಸುವ ಸಮೀಕ್ಷೆಗೆ ಈ ಸೊಪ್ಪು ಇದ್ದದ್ದೂ ಕಾಣಲಿಲ್ಲ, ಹೋದದ್ದೂ ಕಾಣಲಿಲ್ಲ.

ಮಸ್ಕಿ ದಾಟಿ ಸಿಂಧನೂರು ಬರುವಷ್ಟರಲ್ಲಿ ನೆಲವೇ ಬೇರೆ. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು, ಕಣ್ಣು ಹಾಯುವಷ್ಟು ಭತ್ತದ ಗದ್ದೆ, ರೈಸ್ ಮಿಲ್ಲುಗಳ ಚಿಮಣಿ. ನಾಟಿಯ ಗುಂಪುಗಳು ಎಕರೆ ಲೆಕ್ಕದಲ್ಲಿ ಗುತ್ತಿಗೆ ಹಿಡಿದು ಕತ್ತಲಿರುವಾಗಲೇ ಕೆಸರಿಗೆ ಇಳಿಯುತ್ತವೆ. ಅಲ್ಲಿ ಮುಂಜಾನೆಯ ಊಟದ ಜಾಗದಲ್ಲಿ ಚಹಾ, ಮಂಡಾಳ ವಗ್ಗರಣಿ, ಮಿರ್ಚಿ ಕಂಡವು. ತಾಯಂದಿರ ಜೊತೆ ಬಂದ ಸಣ್ಣ ಮಕ್ಕಳ ಕೈಯಲ್ಲಿ ಐದು ರೂಪಾಯಿಯ ಬಣ್ಣದ ಪಾಕೀಟು. 2022-23ರ ಕುಟುಂಬ ವೆಚ್ಚ ಸಮೀಕ್ಷೆಯಲ್ಲಿ ಗ್ರಾಮೀಣ ಭಾರತದ ಖರ್ಚಿನ ಶೇ 46ರಷ್ಟು ಆಹಾರಕ್ಕೆ ಹೋಗಿದೆ. ಒಟ್ಟು ಖರ್ಚಿನಲ್ಲಿ ಧಾನ್ಯಗಳ ಪಾಲು ಶೇ 5ಕ್ಕಿಂತ ಕಡಿಮೆ, ಪಾನೀಯ ಮತ್ತು ಸಿದ್ಧ ತಿನಿಸುಗಳದ್ದು ಶೇ 9.6. ಇದನ್ನು ಓದಿದ ಕೆಲವರು ಬಡವರೂ ಶೋಕಿಗೆ ಬಿದ್ದರೆಂದು ಬರೆದರು. ಗದ್ದೆಯ ಬದುವಿನ ಮೇಲೆ ಆ ಪಾಕೀಟಿಗೆ ಕಾರಣ ಕೇಳಿದೆ. "ಅದು ತಿಂದ್ರ ಕೂಸು ಒಂದ್ ತಾಸು ಅಳಂಗಿಲ್ರಿ, ಒಂದು ಮಡಿ ಮುಗಸತೀನಿ" ಎಂದಳು ತಾಯಿ. ಒಲೆಯಿಲ್ಲದ ಜಾಗದಲ್ಲಿ, ಅಂಗನವಾಡಿ ಬಾಗಿಲು ತೆರೆಯುವ ಮುನ್ನ, ಆಕೆಗೆ ಸಿಗುವುದು ಅದೊಂದೇ. ಶಾಲೆಗೆ ಹೋಗುವಷ್ಟು ದೊಡ್ಡ ಮಕ್ಕಳ ಪಾಡು ಮೇಲು. 2021ರ ಡಿಸೆಂಬರಿನಲ್ಲಿ ರಾಯಚೂರೂ ಸೇರಿದಂತೆ ಏಳು ಜಿಲ್ಲೆಗಳ ಶಾಲೆಗಳಲ್ಲಿ ಮೊಟ್ಟೆ ಶುರುವಾಯಿತು, ಆಮೇಲೆ ರಾಜ್ಯಕ್ಕೆಲ್ಲ ಹಬ್ಬಿತು. ಹಲವು ಮನೆಗಳ ಫಾರ್ಮಿನಲ್ಲಿ ಇಡೀ ವಾರಕ್ಕೆ ಬಂದ ಪ್ರಾಣಿಜನ್ಯ ಪ್ರೋಟೀನು ಮಗುವಿಗೆ ಶಾಲೆಯಲ್ಲಿ ಸಿಕ್ಕ ತತ್ತಿ ಮಾತ್ರ.

ರಾಯಚೂರಿನ ಬಡ ಮನೆಗಳ ಊಟ ನೋಡಬೇಕೆಂದರೆ ರಾಯಚೂರಿಗಷ್ಟೇ ಹೋದರೆ ಸಾಲದು. ಕಾಲುವೆಯ ಕೊನೆಗೆ ನೀರು ಮುಟ್ಟದ ಊರುಗಳಿಂದ, ಮಳೆಯನ್ನೇ ನಂಬಿದ ತಾಂಡಾಗಳಿಂದ ಸುಗ್ಗಿ ಮುಗಿದ ಮೇಲೆ ಜನ ಗುಳೆ ಹೊರಡುತ್ತಾರೆ. ಹಾಗಾಗಿ ನಮ್ಮ ಕೊನೆಯ ಮನೆಗಳು ಬೆಂಗಳೂರಿನ ಹೊರವಲಯದಲ್ಲಿ, ಏಳುತ್ತಿದ್ದ ಒಂದು ವಸತಿ ಸಮುಚ್ಚಯದ ಹಿಂದಿನ ತಗಡಿನ ಶೆಡ್ಡುಗಳಲ್ಲಿ ಸಿಕ್ಕವು. ಊರಿನಿಂದ ತಂದ ಅಕ್ಕಿಯ ಚೀಲ, ಖಾರಪುಡಿಯ ಡಬ್ಬಿ, ಒಣಹುಣಸೆ. ಹತ್ತಿರದಲ್ಲಿ ಜೋಳ ಬೀಸುವ ಗಿರಣಿಯಿಲ್ಲ. ರೊಟ್ಟಿ ಇಲ್ಲಿ ಊರಿಗೆ ಹೋಗಿ ಬಂದವರು ಕಟ್ಟಿ ತಂದ ಖಟಿರೊಟ್ಟಿ ಮಾತ್ರ.

ನಾವು ಹೋದದ್ದು ಭಾನುವಾರ. ರಜೆಯ ದಿನ ಎಲ್ಲರೂ ಸಿಗುತ್ತಾರೆಂದು ಸಮೀಕ್ಷೆಯವರು ಸಾಮಾನ್ಯವಾಗಿ ಅದನ್ನೇ ಆರಿಸಿಕೊಳ್ಳುತ್ತಾರೆ. ಒಲೆಯ ಮೇಲೆ ಕೋಳಿಸಾರು ಕುದಿಯುತ್ತಿತ್ತು. ದೇವದುರ್ಗ ತಾಲೂಕಿನ ಹೆಂಗಸೊಬ್ಬಳು ನಮ್ಮ ಫಾರ್ಮನ್ನು ಕೈಗೆ ತಗೊಂಡು ತಿರುಗಿಸಿ ನೋಡಿ, ತಾನೇ ಹೇಳತೊಡಗಿದಳು.

"ಶನಿವಾರ ಬಟವಾಡಿ ಆಗತೈತ್ರಿ. ಭಾನುವಾರ ಕೋಳಿ, ಹುಡುಗ್ರಿಗೆ ಬಾಳಿಹಣ್ಣು. ಸೋಮಾರ ಮಂಗಳಾರ ಬ್ಯಾಳಿ, ಬದನಿಕಾಯಿ. ಬುಧವಾರಕ್ಕ ಉಳ್ಳಾಗಡ್ಡಿ, ಟೊಮ್ಯಾಟಿ. ಬೇಸ್ತವಾರ ಶುಕ್ಕರವಾರ ಅನ್ನ, ಹುಣಸಿಹುಳಿ, ಖಾರ. ನೀವು ಭಾನುವಾರ ಬಂದು ಬರಕೊಂಡು ಹೋದ್ರ ನಾವು ಸಾವಕಾರ್ರು ಆಗತೀವಿ. ಬೇಸ್ತವಾರ ಬರ್ರಿ."

ಹುಡುಗಿ ಪೆನ್ನು ತೆಗೆದು ಫಾರ್ಮಿನ ತಲೆಬರಹದ ಪಕ್ಕದಲ್ಲಿ ಹೊಸದೊಂದು ಸಾಲು ಎಳೆದಳು: ಬಟವಾಡೆಯಾಗಿ ಎಷ್ಟು ದಿನ?

ಗುರುವಾರ ಸಂಜೆ ಅದೇ ಸಾಲಿನ ಶೆಡ್ಡುಗಳಿಗೆ ಮತ್ತೆ ಹೋದೆವು. ಫಾರ್ಮಿನ ಹೊಸ ಸಾಲಿನಲ್ಲಿ 'ಐದು ದಿನ' ಎಂದು ಬರೆದು ಒಂದೊಂದೇ ಮನೆ ದಾಟಿದೆವು. ಆಕೆ ಹೇಳಿದ್ದು ಅಕ್ಷರಶಃ ನಿಜವಿತ್ತು. ಹೆಚ್ಚಿನ ಮನೆಗಳಲ್ಲಿ ಅನ್ನ ಮತ್ತು ಹುಣಸೆಹುಳಿ, ಎಣ್ಣೆಯ ಕಾಲಂನಲ್ಲಿ ಒಂದು ಚಮಚ, ಕಾಯಿಪಲ್ಯದ ಕಾಲಂ ಖಾಲಿ. ಒಂದು ಮನೆಯಲ್ಲಿ ಮಾತ್ರ ತತ್ತಿ ಬೇಯುತ್ತಿತ್ತು, ಹಾಲೂ ಇತ್ತು. ಬಟವಾಡೆ ಯಾವತ್ತು ಆಯಿತೆಂದು ಹುಡುಗಿ ಕೇಳಿದಳು. ಮಗಳಿಗೆ ಜ್ವರ ಬಂದಿದ್ದರಿಂದ ಅಂದು ಮುಂಜಾನೆ ಮೇಸ್ತ್ರಿಯ ಹತ್ತಿರ ಮುಂಗಡ ಈಸಿಕೊಂಡಿದ್ದರು, ಇನ್ನೂರು ರೂಪಾಯಿ. ಶನಿವಾರದ ಕೂಲಿಯಲ್ಲಿ ಅದನ್ನು ಮುರಿದುಕೊಳ್ಳುತ್ತಾರೆ. ಅವಳು ಅದನ್ನೂ ಆ ಸಾಲಿನಲ್ಲಿ ಬರೆದು, ಮುಂದಿನ ಗುರುವಾರಕ್ಕೆ ಮತ್ತೆ ಬರುತ್ತೇನೆಂದು ಹೇಳಿ ಪಕ್ಕದ ಶೆಡ್ಡಿನ ಬಾಗಿಲು ತಟ್ಟಿದಳು.